ಹಿಂಡೋ ಗೊಂಚಲೋ

ಗುಚ್ಛ ಎನ್ನುವ ಪದ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾವುದೋ ಸಮಾರಂಭದ ಕಾಗದದಲ್ಲಿ ಪುಷ್ಪಗುಚ್ಛ ಎಂದಿದ್ದರೂ ಸಾಕು, ಮಡಚಿ ಪಕ್ಕಕ್ಕಿಡುತ್ತೇನೆ. ಒಂದು ಪದದ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಎರಡು ವರ್ಷ ಆ ಪದದ ಜೊತೆ ಜಗಳವಾಡಿ ಸೋತವಳು ನಾನು, ಅವರಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಪ್ಪ ರಾಯಚೂರಿನಲ್ಲಿ, ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಹಮಾಲ. ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ಕೂಲಿ ಹುಡುಕಿಕೊಂಡು ಬಂದು, ಬೆನ್ನ ಮೇಲೆ ಹತ್ತಿ ಅಂಡಿಗೆ ಹೊತ್ತು ನನ್ನನ್ನು ಬಿ.ಎಸ್ಸಿ. ಮಾಡಿಸಿದ ಮನುಷ್ಯ. ಅವ್ವ ನಾನು ಕಾಲೇಜಿಗೆ ಹೋಗುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಐವತ್ತು ದಾಟಿದ ಮೇಲೆ ವಯಸ್ಕರ ಶಿಕ್ಷಣದ ತರಗತಿಗೆ ಹೋಗಿ ಅಕ್ಷರ ಕಲಿತ.

ಕಲಿತದ್ದೂ ಅರ್ಧಕ್ಕೆ ನಿಂತಿತು. ಕಾಗುಣಿತ ಬಂತು. ಅಪ್ಪ, ಅವ್ವ, ಹತ್ತಿ, ರೊಟ್ಟಿ ಎಲ್ಲ ಬಂತು. ಅಂದರೆ ಅದೇ ಅಕ್ಷರದ ಕೆಳಗೆ ಅದೇ ಅಕ್ಷರದ ಒತ್ತು. ವ್ಯಾಕರಣದಲ್ಲಿ ಇದಕ್ಕೆ ಸಜಾತಿ ಒತ್ತು ಎನ್ನುತ್ತಾರೆ. ಒಂದರ ಕೆಳಗೆ ಬೇರೊಂದು ಬಂದರೆ ಅದು ವಿಜಾತಿ. ಈ ವಿಜಾತಿ ಅಪ್ಪನಿಗೆ ಹತ್ತಲೇ ಇಲ್ಲ. ಎರಡರ ಹೆಸರೂ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. ಇಲ್ಲಿನೂ ಜಾತಿ ಮಾಡ್ಯಾರೇನು ಎಂದು ಕೇಳಿದ್ದ. ನಮ್ಮ ಓಣಿಯವರನ್ನು ಊರ ಬಾವಿಯ ಹತ್ತಿರ ಬಿಡದಿದ್ದ ಕಾಲ ಕಂಡವನು ಹಾಗೆ ನಕ್ಕರೆ ನಾನು ಏನು ಹೇಳಲಿ? ನಾನೂ ನಕ್ಕೆ. ಬಸ್ಸಿನ ಬೋರ್ಡಿನ ಮೇಲೆ ‘ಮಾನವಿ’ ಎಂದು ಬರೆದಿದ್ದರೆ ಅಪ್ಪ ಓದುತ್ತಿದ್ದ. ‘ಮಾನ್ವಿ’ ಎಂದಿದ್ದರೆ ಬೇರೆ ಯಾವುದೋ ಊರೆಂದು ಬಿಟ್ಟುಬಿಡುತ್ತಿದ್ದ. ಒಮ್ಮೆ ನನ್ನನ್ನು ನೋಡಲು ಹೊರಟವನು ಹೀಗೆ ಎರಡು ಬಸ್ಸು ಬಿಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಬಂದು ಮುಟ್ಟಿದ.

ಕೊನೆಗೆ ತರಗತಿಯನ್ನೂ ಬಿಟ್ಟ. ಓದಲು ಕೊಡುತ್ತಿದ್ದ ಪುಸ್ತಕಗಳು ಹಾಗಿದ್ದವು. ನೀರು ಕಾಸಿ ಕುಡಿ, ಉಗುರು ಕತ್ತರಿಸು, ಹೆಂಡ ಬಿಡು. ಹೆಂಡವನ್ನು ನಾಲಿಗೆಗೂ ಮುಟ್ಟಿಸದ ಅಪ್ಪನಿಗೆ ಆ ಪಾಠವನ್ನು ಮೂರು ಸಲ ಓದಿಸಿದ್ದರಂತೆ. ಅವತ್ತು ನಾನು ರಾಯಚೂರಿನ ಮನೆಯಲ್ಲಿದ್ದೆ. ಪುಸ್ತಕವನ್ನು ಟ್ರಂಕಿನ ಮೇಲೆ ಎಸೆದು ಅಪ್ಪ ಹೇಳಿದ:

“ನೀ ಸಾಲ್ಯಾಗ ಏನು ಕಲಿಸ್ತಿ, ಅದನ್ನ ಬರಿ. ಓದ್ತೀನಿ. ಇಲ್ಲಂದ್ರ ಇನ್ನ ನಾ ಪುಸ್ತಕ ಮುಟ್ಟಂಗಿಲ್ಲ.”

ಅಪ್ಪ ಹೇಳಿದರೆ ಹೇಳಿದ ಹಾಗೆ ಮಾಡುವವನು. ಬೀಡಿಯನ್ನೂ ಹೀಗೆಯೇ ಒಂದು ಮಾತು ಹೇಳಿ ಬಿಟ್ಟಿದ್ದ.

ನನಗೂ ಬರೆಯಲು ಒಂದು ವಿಷಯ ತಲೆ ತಿನ್ನುತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ವಿಜ್ಞಾನ ಶಿಕ್ಷಕರಿಗೆಂದು ನಡೆದ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಒಬ್ಬ ಪ್ರಾಧ್ಯಾಪಕರು ಒಂದಿಡೀ ದಿನ ಗೆಲಾಕ್ಸಿಗಳ ಬಗ್ಗೆ ಮಾತಾಡಿದರು. ಕೋಟಿಗಟ್ಟಲೆ ನಕ್ಷತ್ರ ಸೇರಿದರೆ ಒಂದು ಗೆಲಾಕ್ಸಿ. ನಮ್ಮ ಸೂರ್ಯ ಅಂಥದೊಂದರಲ್ಲಿ ಒಂದು ಮೂಲೆ ಹಿಡಿದು ಕೂತಿರುವ ಸಾಧಾರಣ ನಕ್ಷತ್ರ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು. ಈ ಗೆಲಾಕ್ಸಿಗಳೂ ಬಹಳ ಕಡೆ ಒಂಟಿಯಾಗಿಲ್ಲ, ನೂರಾರು ಸಾವಿರಾರು ಒಂದೆಡೆ ಕೂಡಿಕೊಂಡಿವೆ. ಹಾಗೆ ಕೂಡಿದ್ದು ಹೇಗೆ ಎಂಬುದರ ಬಗ್ಗೆ ದೊಡ್ಡ ದೊಡ್ಡವರೇ ಎರಡು ಪಕ್ಷವಾಗಿ ಜಗಳವಾಡುತ್ತಿದ್ದಾರೆ ಎಂದರು.

ಒಂದು ಪಕ್ಷದವರ ಪ್ರಕಾರ ಮೊದಲು ದೊಡ್ಡದೇ ಆಯಿತು. ಆದಿಯಲ್ಲಿ ಎಲ್ಲೆಡೆ ಹರಡಿದ್ದ ಅನಿಲ ಕೆಲವು ಕಡೆ ಕೂದಲೆಳೆಯಷ್ಟು ದಟ್ಟವಾಗಿತ್ತು. ಆ ದಟ್ಟ ಭಾಗ ತನ್ನ ಭಾರಕ್ಕೆ ತಾನೇ ಕುಸಿದು ರೊಟ್ಟಿಯ ಹಾಗೆ ಚಪ್ಪಟೆಯಾಯಿತು. ಆಮೇಲೆ ರೊಟ್ಟಿ ಬಿರಿದು ಚೂರಾಯಿತು. ಆ ಚೂರುಗಳೇ ಗೆಲಾಕ್ಸಿಗಳು. ಇನ್ನೊಂದು ಪಕ್ಷದವರು ಇದನ್ನು ಒಪ್ಪುವುದಿಲ್ಲ. ಮೊದಲು ಸಣ್ಣಪುಟ್ಟವು ಬೇರೆ ಬೇರೆ ಹುಟ್ಟಿದವು, ಆಮೇಲೆ ಒಂದನ್ನೊಂದು ಸೆಳೆದು ಕೂಡಿದವು ಎನ್ನುತ್ತಾರೆ. ಯಾವುದು ನಿಜ ಎಂದು ನಾನು ಕೇಳಿದೆ. ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತ, ಗೊತ್ತಿಲ್ಲ ಎಂದರು. ಪಠ್ಯಪುಸ್ತಕದಲ್ಲಿ ಎಂದೂ ಕಾಣದ ಆ ಮಾತು ಕೇಳಿ ನನಗೆ ಹಬ್ಬವಾಯಿತು.

ಮಾನ್ವಿಗೆ ಬಂದು ಸ್ಟಾಫ್ ರೂಮಿನಲ್ಲಿ ಹೇಳಿದರೆ ಒಬ್ಬರು ಆಕಳಿಸಿದರು, ಇನ್ನೊಬ್ಬರು ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದರು. ಅದೇ ಸಮಯಕ್ಕೆ ಹೊಸದಾಗಿ ಅಕ್ಷರ ಕಲಿತವರಿಗೆಂದು ಕಿರುಪುಸ್ತಕ ಬರೆಯಲು ವಯಸ್ಕರ ಶಿಕ್ಷಣ ಇಲಾಖೆಯವರು ಶಿಕ್ಷಕರಿಂದ ಅರ್ಜಿ ಕರೆದರು. ನಾನು ಹಾಕಿದೆ. ಗೆಲಾಕ್ಸಿಯ ವಿಷಯ ನವಸಾಕ್ಷರರಿಗೆ ಯಾಕೆ ಎಂದು ಒಂದು ಕಾಗದ ಬಂತು. ಅವರ ತಲೆಯ ಮೇಲೂ ಆಕಾಶವಿದೆ ಎಂದು ಉತ್ತರ ಬರೆದೆ. ಏನನ್ನಿಸಿತೋ, ಒಪ್ಪಿದರು.

ಬರೆಯಲು ಕೂತಾಗ ಒಂದೇ ಶಪಥ ಮಾಡಿದ್ದೆ: ಪುಸ್ತಕದಲ್ಲಿ ಒಂದೂ ವಿಜಾತಿ ಒತ್ತು ಇರಬಾರದು. ಅಪ್ಪ ಯಾರ ಸಹಾಯವೂ ಇಲ್ಲದೆ ಮೊದಲಿಂದ ಕೊನೆಯ ತನಕ ಓದಬೇಕು. ಇದೇನು ಹುಡುಗಾಟವಲ್ಲ. ವಿಶ್ವ ಎನ್ನುವ ಹಾಗಿಲ್ಲ, ಜಗ ಎನ್ನಬೇಕು. ಗುರುತ್ವ ಬೇಡ, ಸೆಳೆತ. ನಕ್ಷತ್ರಕ್ಕೆ ನಮ್ಮ ಕಡೆಯ ಚುಕ್ಕಿ ಇದ್ದೇ ಇತ್ತು. ಗೆಲಾಕ್ಸಿಯಲ್ಲೂ ವಿಜಾತಿ ಒತ್ತು, ಅದಕ್ಕೆ ಚುಕ್ಕಿಯೂರು ಎಂದೆ. ಸೂರ್ಯನ ಹೆಸರಲ್ಲೂ ಅರ್ಕಾವೊತ್ತು ಕೂತಿದೆ ನೋಡಿ, ಅವನನ್ನು ನೇಸರ ಮಾಡಿದೆ. ಮಾನ್ವಿಯಿಂದ ರಾಯಚೂರಿಗೆ ಶನಿವಾರ ಬರುವ ಬಸ್ಸಿನಲ್ಲಿ ಪದ ಹುಡುಕುತ್ತ ಎಷ್ಟೋ ಸಲ ತುಟಿ ಆಡಿಸುತ್ತಿದ್ದೆನಂತೆ. ಕಲ್ಮಲದಲ್ಲಿ ಹತ್ತಿದ ಹೆಂಗಸೊಬ್ಬಳು ನನಗೆ ಗಾಳಿ ಹಿಡಿದಿದೆ ಎಂದುಕೊಂಡು ಬೇರೆ ಸೀಟಿಗೆ ಹೋದಳು.

ಗೆಲಾಕ್ಸಿಗಳು ಕೂಡಿಕೊಂಡಿರುವುದಕ್ಕೆ ‘ಹಿಂಡು’ ಎಂದು ಬರೆದಿದ್ದೆ. ಒಂದು ಭಾನುವಾರ ಅಪ್ಪನಿಗೆ ಅದಷ್ಟನ್ನು ಬಾಯಲ್ಲಿ ಹೇಳಿದೆ. ಅಪ್ಪ ಜಿನ್ನಿನಿಂದ ಬಂದು ಮೈಮೇಲಿನ ಅರಳೆ ಕೊಡವಿಕೊಳ್ಳುತ್ತಿದ್ದ. ಕೊಡವುವುದು ನಿಲ್ಲಿಸಿ ಕೇಳಿದ:

“ಹಿಂಡಂದ್ರ ಬ್ಯಾರೆ ಬ್ಯಾರೆ ಹುಟ್ಟಿ ಆಮ್ಯಾಲ ಕೂಡಿದ್ದು. ಗೊಂಚಲಂದ್ರ ಒಂದ ತೊಟ್ಟಿಗೆ ಕೂಡೇ ಹುಟ್ಟಿದ್ದು. ನಿಂದು ಹಿಂಡೋ, ಗೊಂಚಲೋ?”

ತರಬೇತಿಗೆ ಬಂದಿದ್ದ ಅಷ್ಟೂ ಪದವೀಧರರು ಒಂದಿಡೀ ದಿನ ಕೇಳಿ ಟಿಪ್ಪಣಿ ಬರೆದುಕೊಂಡ ಜಗಳವನ್ನು ಹತ್ತಿ ಹೊರುವ ನಮ್ಮಪ್ಪ ಎರಡು ಪದದಲ್ಲಿ ಹಿಡಿದಿದ್ದ. ಹಿಂಡು ಎಂದರೆ ನಾನು ಒಂದು ಪಕ್ಷ ಸೇರಿದ ಹಾಗೆ, ಗೊಂಚಲು ಎಂದರೆ ಇನ್ನೊಂದು. ಅದೇ ಯಾರಿಗೂ ಗೊತ್ತಿಲ್ಲಪ್ಪಾ ಎಂದೆ. ಹಾಗಾದರೆ ಹಾಗಂತಲೇ ಬರಿ ಎಂದ. ಬರೆದೆ. ಕೆಲವು ಕಡೆ ಹಿಂಡು, ಕೆಲವು ಕಡೆ ಗೊಂಚಲು ಎಂದಿಟ್ಟು, ಕೊನೆಯ ಪುಟದಲ್ಲಿ ಒಂದು ಸಾಲು ಹಾಕಿದೆ: “ಹಿಂಡೋ ಗೊಂಚಲೋ, ಇನ್ನೂ ಯಾರಿಗೂ ಗೊತ್ತಿಲ್ಲ. ಹುಡುಕುತ್ತಿದ್ದಾರೆ.” ಒಂದೂ ವಿಜಾತಿ ಇಲ್ಲದ ಸಾಲು. ನನ್ನ ಜೀವನದಲ್ಲಿ ನಾನು ಬರೆದ ಒಳ್ಳೆಯ ಸಾಲು ಅದೊಂದೇ.

ಹಸ್ತಪ್ರತಿ ಪರಿಶೀಲನಾ ಸಮಿತಿಗೆ ಹೋಯಿತು, ಮೈತುಂಬ ಕೆಂಪು ಶಾಯಿ ಬಳಿದುಕೊಂಡು ತಿರುಗಿ ಬಂತು. ಚುಕ್ಕಿಯೂರು ಹೊಡೆದು ಗೆಲಾಕ್ಸಿ. ರೊಟ್ಟಿ ಹೊಡೆದು ಸಮತಲ ಪದರ. ಹಿಂಡು, ಗೊಂಚಲು ಎರಡನ್ನೂ ಹೊಡೆದು ಗುಚ್ಛ. ಪಕ್ಕದಲ್ಲಿ ಟಿಪ್ಪಣಿ: ಪ್ರಾದೇಶಿಕ ಪದಗಳು ಬೇಡ, ಪರಿಭಾಷೆಯಲ್ಲಿ ಏಕರೂಪತೆ ಇರಲಿ. ನಾನು ಬರೆದೆ, ಅವರು ಬರೆದರು, ಮತ್ತೆ ನಾನು ಬರೆದೆ. ಒಂದು ವರ್ಷ ಹೀಗೆ ಅಂಚೆಯಲ್ಲಿ ಹೋಯಿತು. ಅಷ್ಟರಲ್ಲಿ ಆ ಚುಕ್ಕಿಗಳಿಗೇ ಬೇಸರ ಬಂದಿರಬೇಕು. ಕೊನೆಗೆ ಚುಕ್ಕಿಯೂರು, ಸೆಳೆತ, ರೊಟ್ಟಿ ಉಳಿಯಬಹುದು, ಆಡುಮಾತಿನ ಸೊಗಡು ಇರಲಿ ಎಂದು ದೊಡ್ಡ ಮನಸ್ಸು ಮಾಡಿದರು. ಗುಚ್ಛ ಮಾತ್ರ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದು ಆಮೇಲೆ ತಿಳಿಯಿತು. ಸರಕಾರದ ವಿಜ್ಞಾನ ಪದಕೋಶಕ್ಕೆ ಆ ಪದ ಸೇರಿಸಿದವರು ಸಮಿತಿಯ ಹಿರಿಯರೊಬ್ಬರೇ.

ಆ ಹಿರಿಯರು ಯಾವುದೋ ಸಭೆಗೆ ರಾಯಚೂರಿಗೆ ಬಂದಾಗ ಪ್ರವಾಸಿ ಮಂದಿರಕ್ಕೆ ಹೋಗಿ ಕಂಡೆ. ಸಭ್ಯ ಮನುಷ್ಯರು, ಚಹಾ ತರಿಸಿದರು. ಗುಚ್ಛ ಎಂದರೆ ಕೂಡಿ ಹುಟ್ಟಿದ್ದೋ ಆಮೇಲೆ ಕೂಡಿದ್ದೋ ಎಂದು ಕೇಳಿದೆ. ಎರಡೂ ಆಗಬಹುದು, ಅದೇ ಅದರ ಅನುಕೂಲ ಎಂದರು. ಆ ಅನುಕೂಲವೇ ನನಗೆ ಬೇಡವಾಗಿತ್ತು. ಹಿಂಡೋ ಗೊಂಚಲೋ ಎಂದರೆ ಪ್ರಶ್ನೆ ಬಾಯಿ ತೆರೆದು ನಿಲ್ಲುತ್ತದೆ; ಗುಚ್ಛ ಎಂದರೆ ಬಾಯಿ ಮುಚ್ಚುತ್ತದೆ. ಇದನ್ನು ಹೇಳುವಷ್ಟರಲ್ಲಿ ಅವರು ಹಸ್ತಪ್ರತಿಯ ಕೊನೆಯ ಪುಟ ತೆಗೆದು, ನನ್ನ ಆ ಸಾಲಿನ ಮೇಲೆ ಅಡ್ಡಗೀಟು ಎಳೆದರು.

“ಹೊಸದಾಗಿ ಓದೋರಿಗೆ ಗೊತ್ತಿಲ್ಲ ಅಂತ ಹೇಳಬಾರದಮ್ಮ. ಪುಸ್ತಕದ ಮೇಲಿನ ನಂಬಿಕೇನೇ ಹೋಗಿಬಿಡುತ್ತೆ.”

ನಮ್ಮಪ್ಪ ನಾಳೆ ಕೂಲಿ ಉಂಟೋ ಇಲ್ಲವೋ ಗೊತ್ತಿಲ್ಲದೆಯೇ ಐವತ್ತು ವರ್ಷ ಬದುಕಿದ್ದಾನೆ, ಅವನ ನಂಬಿಕೆಯ ಚಿಂತೆ ನಿಮಗೆ ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಚಹಾ ಕುಡಿದು, ಬರ್ತೀನ್ರಿ ಸರ್ ಎಂದು ಬಂದೆ. ಆ ಚಹಾದ ಸಿಟ್ಟು ಇನ್ನೂ ಇಳಿದಿಲ್ಲ.

ಪುಸ್ತಕ ಅಚ್ಚಿಗೆ ಹೋದದ್ದು ರಾಯಚೂರಿನದೇ ಒಂದು ಸಣ್ಣ ಪ್ರೆಸ್ಸಿಗೆ. ಆಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದರು. ಜೋಡಿಸುವವರು ಒಬ್ಬ ವಯಸ್ಸಾದ ಚಾಚಾ. ಮನೆಯಲ್ಲಿ ದಖನಿ ಮಾತು, ಕೈಯಲ್ಲಿ ಕನ್ನಡ. ನಿಜಾಮರ ಕಾಲದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಓದಿದವರು. ಗೆಲಾಕ್ಸಿಗೆ ಕಹಕಶಾಂ ಎನ್ನುತ್ತಿದ್ದರು, ನನ್ನ ಚುಕ್ಕಿಯೂರನ್ನು ಬಾಯಿ ಚಪ್ಪರಿಸಿ ಓದಿದರು. ಒಂದು ವಾರದ ಮೇಲೆ ಹೇಳಿ ಕಳಿಸಿದರು. ಹೋದರೆ ಮೊಳೆಯ ಖಾನೆಯನ್ನು ನನ್ನ ಮುಂದೆ ಬೋರಲು ಹಾಕಿದರು.

“ಛ ಒತ್ತು ಖತಂ, ಬೇಟಿ. ಇದ್ದದ್ದೇ ಒಂದು ಮುಷ್ಟಿ. ಯಾರು ಕೇಳ್ತಾರ ಅದನ್ನ? ಬ್ಯಾರೆ ಲಫ್ಜ್ ಇದ್ರ ಕೊಡು.”

ಬೇರೆ ಪದ ಎರಡಿದ್ದವು ಚಾಚಾ, ಎರಡನ್ನೂ ಕೊಂದಿದ್ದಾರೆ ಎಂದೆ. ನನಗೆ ಒಳಗೊಳಗೇ ಕುಣಿಯುವ ಹಾಗಾಗಿತ್ತು. ಇಡೀ ರಾಯಚೂರಿನಲ್ಲಿ ಆ ಪದವನ್ನು ಅಚ್ಚು ಹಾಕುವಷ್ಟು ಮೊಳೆ ಇಲ್ಲ ಎಂದು ಸಮಿತಿಗೆ ಬರೆದೆ. ಅಕ್ಕಪಕ್ಕದ ಪ್ರೆಸ್ಸುಗಳಿಂದಲೂ ಬರೆಸಿಕೊಂಡೆ. ಉತ್ತರ ಬರುವ ತನಕ ಚಾಚಾ ತಮ್ಮ ಕಸುಬಿನ ಪದ್ಧತಿಯಂತೆ ಮಾಡಿದರು. ಮೊಳೆ ಸಾಲದಿದ್ದರೆ ಆ ಜಾಗದಲ್ಲಿ ಬೇರೆ ಯಾವುದೋ ದಪ್ಪ ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. ಪ್ರೂಫ್ ತೆಗೆದಾಗ ಅಲ್ಲಿ ಕರಿ ಚೌಕ ಬೀಳುತ್ತದೆ; ನಿಜವಾದ ಮೊಳೆ ಬಂದಾಗ ಬದಲಿಸಬೇಕು ಎಂಬುದಕ್ಕೆ ಗುರುತು. ಒತ್ತೊಂದನ್ನೇ ತಿರುವುವುದು ತಾಪತ್ರಯವೆಂದು ಗುಚ್ಛ ಎಂಬ ಇಡೀ ಪದದ ಜಾಗಕ್ಕೆ ಒಂದೊಂದು ಚೌಕ ಕೂರಿಸಿದರು. ಇದ್ದ ಒಂದು ಮುಷ್ಟಿಯನ್ನೂ ಕಿತ್ತು ಖಾನೆಗೆ ಹಾಕಿದ್ದರು, ಬೇರೆ ಕೆಲಸಕ್ಕೆ ಬೇಕಂತೆ. ಪ್ರೂಫ್ ಎರಡು ಪ್ರತಿ ತೆಗೆದು ಒಂದನ್ನು ಸಮಿತಿಗೆ ಕಳಿಸಿದರು, ಒಂದು ನನಗೆ.

ಆ ಭಾನುವಾರ ಪ್ರೂಫನ್ನು ಟ್ರಂಕಿನ ಮೇಲಿಟ್ಟು ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದೆ. ಹಾಗೆ ಹೋಗುವ ಮೊದಲು ಸಿಟ್ಟಿಗೆ ಕೊನೆಯ ಪುಟದ ಅಡಿಯಲ್ಲಿ, ಹೊಡೆದುಹಾಕಿದ ನನ್ನ ಸಾಲನ್ನು ಪೆನ್ಸಿಲಿನಲ್ಲಿ ದಪ್ಪ ದಪ್ಪ ಬರೆದಿದ್ದೆ. ಅರ್ಧ ಬಟ್ಟೆ ಮುಗಿದಿರಬೇಕು, ಒಳಗಿನಿಂದ ದನಿ ಕೇಳಿತು. ಅಪ್ಪ ಓದುತ್ತಿದ್ದ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಜೋರಾಗಿ, ಸಾಲಿನ ಕೊನೆಗೊಮ್ಮೆ ಉಸಿರು ತೆಗೆದುಕೊಂಡು. ಸೋಪಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ. ಕರಿ ಚೌಕ ಬಂದಾಗ ಅಪ್ಪ ನಿಲ್ಲುತ್ತಿರಲಿಲ್ಲ. ಒಂದು ಕಡೆ ಹಿಂಡು ಎನ್ನುತ್ತಿದ್ದ, ಇನ್ನೊಂದು ಕಡೆ ಗೊಂಚಲು ಎನ್ನುತ್ತಿದ್ದ. ಮುಂದಿನ ಅಕ್ಷರ ಹೊಂದದಿದ್ದರೆ ತಾನೇ ತಿದ್ದಿಕೊಳ್ಳುತ್ತಿದ್ದ. ಚುಕ್ಕಿಯೂರುಗಳು ಬಹಳ ದೂರ ಇವೆ, ಅವುಗಳ ಬೆಳಕು ಹೊರಟು ಬಹಳ ದಿನವಾಗಿದೆ, ಅದಕ್ಕೆ ದೂರ ನೋಡಿದಷ್ಟೂ ಹಳೆಯದು ಕಾಣುತ್ತದೆ ಎಂಬ ಕಡೆ ನಿಂತು, ಮತ್ತೊಮ್ಮೆ ಓದಿದ. ಕೊನೆಯ ಪುಟಕ್ಕೆ ಬಂದ. ನನ್ನ ಪೆನ್ಸಿಲಿನ ಸಾಲನ್ನೂ ಓದಿದ. ಆಮೇಲೆ ಈ ಕರೀದು ಯಾಕೆ ಎಂದು ಕೇಳಿದ.

ಗೊತ್ತಿಲ್ಲದ್ದರ ಜಾಗ ಎಂದೆ. ಅಪ್ಪ ತಲೆ ಆಡಿಸಿದ. ಇದು ಖರೇ ಪುಸ್ತಕ ಎಂದ.

ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹತ್ತು ದಿನದಲ್ಲಿ ಸಮಿತಿಯಿಂದ ಪ್ರೆಸ್ಸಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ತಗಡಿನ ಡಬ್ಬಿ ತುಂಬ ಛ ಒತ್ತು, ಹೊಸದಾಗಿ ಎರಕ ಹೊಯ್ದವು, ಮಿರಿಮಿರಿ ಮಿಂಚುತ್ತಿದ್ದವು. ಒಂದು ಶಾಲೆಗೆ ಸೀಮೆಸುಣ್ಣ ಕೇಳಿದರೆ ಆರು ತಿಂಗಳು ಮಾಡುವ ಸರಕಾರಿ ವ್ಯವಸ್ಥೆ ಒಂದು ಒತ್ತಕ್ಷರವನ್ನು ಹತ್ತು ದಿನಕ್ಕೆ ಮುಟ್ಟಿಸಿತ್ತು. ಚಾಚಾ ನನ್ನ ಮುಖ ನೋಡಿದರು, ನಾನು ಡಬ್ಬಿ ನೋಡಿದೆ. ಅವರು ತಾನೇ ಏನು ಮಾಡಿಯಾರು? ಚೌಕಗಳನ್ನು ಒಂದೊಂದಾಗಿ ಕಿತ್ತು ಗುಚ್ಛ ಕೂರಿಸಿದರು.

ಪುಸ್ತಕ ಬಂತು. ಚೆಂದವಾಗಿಯೇ ಇತ್ತು, ನೀಲಿ ಹೊದಿಕೆ, ಅದರ ಮೇಲೆ ನನ್ನ ಹೆಸರು. ಅಪ್ಪ ಕೈ ತೊಳೆದುಕೊಂಡು ಹಿಡಿದ. ಎರಡು ಸಾಲು ಓದಿದ, ಮೂರನೆಯದರಲ್ಲಿ ನಿಂತ. ಚ ಕೆಳಗೆ ಛ ಒತ್ತು, ಗುಚ್ಛ ಅಂತ ಓದಪ್ಪಾ ಎಂದೆ. ಓದಿದ. ಅಂದರೆ ಏನು ಎಂದು ಕೇಳಿದ. ಹಿಂಡೂ ಆಗಬಹುದು ಗೊಂಚಲೂ ಆಗಬಹುದು ಎಂದೆ, ಆ ಹಿರಿಯರ ಹಾಗೆಯೇ. ಅಪ್ಪ ಬೆರಳಿಟ್ಟುಕೊಂಡು ಕೊನೆಯ ಪುಟ ತೆಗೆದ. ನನ್ನ ಸಾಲು ಇರಲಿಲ್ಲ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಚಲೋ ಆಗೇದ, ಸಾಹೇಬ್ರಿಗೆ ಕೊಡು ಎಂದು ಜಿನ್ನಿಗೆ ಹೊರಟ. ಅವತ್ತಿನಷ್ಟು ನಾನು ಅತ್ತದ್ದು ಅವ್ವ ಹೋದಾಗ ಮಾತ್ರ.

ಪುಸ್ತಕದ ಕಟ್ಟುಗಳು ತಾಲೂಕು ಕಚೇರಿಗಳಿಗೆ ಹೋದವು. ಮುಂದೆ ಎಷ್ಟೋ ದಿನದ ಮೇಲೆ ದೇವದುರ್ಗದ ಕಚೇರಿಯೊಂದರಲ್ಲಿ ಕುಂಟು ಮೇಜಿನ ಕಾಲಿಗೆ ಒಂದು ಕಟ್ಟನ್ನು ಆನಿಸಿದ್ದು ಕಂಡೆ, ದಾರ ಕೂಡ ಬಿಚ್ಚಿರಲಿಲ್ಲ. ಮೇಜು ಅಲುಗಾಡುತ್ತಿರಲಿಲ್ಲ, ಅಷ್ಟಾದರೂ ಉಪಯೋಗವಾಯಿತು.

ಅಪ್ಪ ಮಾತ್ರ ಕರಿ ಚೌಕದ ಆ ಪ್ರೂಫನ್ನು ಬಿಡಲಿಲ್ಲ. ಅಂಚು ಹರಿದಲ್ಲಿ ಗಂಜಿ ಹಚ್ಚಿ ಕಾಗದ ಅಂಟಿಸಿದ, ಓಣಿಯವರಿಗೆ ಓದಿ ಹೇಳಿದ. ನಾನು ಮಾನ್ವಿಯಿಂದ ಬಂದಾಗೆಲ್ಲ ಒಂದೇ ಪ್ರಶ್ನೆ: ಗೊತ್ತಾತೇನು? ಇಲ್ಲ ಎನ್ನುತ್ತಿದ್ದೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಆ ಪ್ರಶ್ನೆಗೂ ನನಗೆ ಸಿಟ್ಟು ಬರತೊಡಗಿತು. ರಾಯಚೂರಿನ ಗ್ರಂಥಾಲಯಕ್ಕೆ ವಿಜ್ಞಾನ ಪತ್ರಿಕೆ ಬರುವುದೇ ಆರು ತಿಂಗಳು ತಡವಾಗಿ. ಬಂದರೂ ಬೇಕಾದ ಹಾಳೆಯನ್ನೇ ಯಾರೋ ಹರಿದಿರುತ್ತಿದ್ದರು.

ಎಂಬತ್ತರ ದಶಕವೂ ಅರ್ಧ ದಾಟಿದ ಮೇಲೆ ಒಂದು ಲೇಖನ ಪೂರ್ತಿಯಾಗಿ ಸಿಕ್ಕಿತು. ಗೆಲಾಕ್ಸಿಗಳು ಎಲ್ಲೆಲ್ಲಿ ಹೇಗೆ ಹರಡಿವೆ ಎಂದು ಅಳೆದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಕಣ್ಣಿಗೆ ಕಾಣದ ದ್ರವ್ಯವೊಂದು ಇರಬೇಕು, ಅದರ ಸೆಳೆತಕ್ಕೆ ಸಣ್ಣವು ಮೊದಲು ಹುಟ್ಟಿ, ಆಮೇಲೆ ಕೂಡಿ ದೊಡ್ಡವಾದವು ಎನ್ನುವ ಕಡೆಗೇ ಈಗ ಹೆಚ್ಚಿನವರು ವಾಲಿದ್ದಾರೆ ಎಂದಿತ್ತು. ಗ್ರಂಥಾಲಯದಿಂದ ಮನೆಗೆ ಬಿಸಿಲಲ್ಲಿ ನಡೆದೇ ಬಂದೆ. ಅಪ್ಪ ಜಿನ್ನು ಬಿಟ್ಟಿದ್ದ, ಜಗಲಿಯ ನೆರಳಲ್ಲಿ ಕೂತಿದ್ದ. ಹಿಂಡು ಅಂತಪ್ಪಾ ಎಂದೆ.

ಅಪ್ಪ ಎದ್ದು ಒಳಗೆ ಹೋಗಿ ಪ್ರೂಫ್ ತಂದ. ನನ್ನ ಚೀಲದಿಂದ ಪೆನ್ಸಿಲು ತೆಗೆದುಕೊಂಡ. ಪ್ರತಿ ಕರಿ ಚೌಕದ ನೆತ್ತಿಯ ಮೇಲೆ ಒಂದೊಂದಾಗಿ ‘ಹಿಂಡು’ ಎಂದು ಬರೆಯುತ್ತ ಹೋದ. ನಾನು ಬರೆಯಲೇ ಎಂದರೆ ಕೊಡಲಿಲ್ಲ. ಸಂಜೆಯಾಗುವ ತನಕ ಬರೆದ. ಕೊನೆಯ ಚೌಕಕ್ಕೆ ಬಂದಾಗ ಪೆನ್ಸಿಲು ಎತ್ತಿ ನನ್ನನ್ನು ಕೇಳಿದ, ಎಲ್ಲಾರೂ ಒಪ್ಪ್ಯಾರೇನು ಎಂದು. ಎಲ್ಲರೂ ಅಲ್ಲ, ಹೆಚ್ಚಿನವರು ಎಂದೆ.

ಅಪ್ಪ ಪೆನ್ಸಿಲು ನನಗೆ ತಿರುಗಿ ಕೊಟ್ಟ.

“ಹಂಗಾದ್ರ ಇದೊಂದು ಕರೀದ ಇರಲಿ ಬಿಡವಾ.”